ಓಟಿಪಿ ಬಂತಾ ಅಣ್ಣಾ?

"ಅಣ್ಣಾ, ಓಟಿಪಿ ಬಂತಾ?"

ಕುಂದಾಪುರದ ನಮ್ಮ ಮನೆಯ ಊಟದ ಮೇಜು. ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ಅದರ ಮುಂದೆ ನಾವುಂದದ ನಿಶ್ಮಿತಾ, ಕಿವಿಗೆ ಫೋನ್ ಒತ್ತಿಕೊಂಡು. ಆ ಕಡೆಯಲ್ಲಿ ಅವಳ ಅಣ್ಣ ಹರೀಶ, ಥಾಣೆಯ ತನ್ನ ಹೋಟೆಲಿನ ಕೌಂಟರಿನಲ್ಲಿ. ಪ್ಲೇಟುಗಳ ಸದ್ದು, ಯಾರೋ ಇಡ್ಲಿ-ವಡೆ ಎಂದು ಕೂಗುವುದು, ಎಲ್ಲವೂ ನನಗೂ ಕೇಳುತ್ತಿತ್ತು.

"ಎಂತದ್ ಓಟಿಪಿ?"

"ಲೈಬ್ರರಿದ್."

"ಪುಸ್ತಕ ಓದುಕೂ ಓಟಿಪಿಯಾ? ತಡಿ, ಗಿರಾಕಿ ನಿಂತಿದ್ರ್."

ಗಿರಾಕಿ ಹೋದ ಮೇಲೆ ಹರೀಶ ನಂಬರ್ ಓದಿ ಹೇಳಿದ. ಇವಳು ಟೈಪ್ ಮಾಡಿದಳು. ಸಮಯ ಮುಗಿದಿದೆ, ಮತ್ತೊಮ್ಮೆ ಪ್ರಯತ್ನಿಸಿ ಎಂದಿತು ಸ್ಕ್ರೀನ್. ಮತ್ತೆ ಫೋನ್. ಮತ್ತೆ "ಅಣ್ಣಾ, ಓಟಿಪಿ ಬಂತಾ?"

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು.

ಮೊದಲೇ ಹೇಳಿಬಿಡುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಊರನ್ನೂ ಒಂದಿಷ್ಟು ಆಚೀಚೆ ಮಾಡಿದ್ದೇನೆ. ಇದನ್ನು ಬರೆಯಿರಿ ಎಂದದ್ದು ಆ ಹುಡುಗಿಯೇ. ಯಾರಿರಬಹುದು ಎಂದು ಹುಡುಕಲು ಹೋಗಬೇಡಿ. (ಹೋಗುತ್ತೀರಿ, ಗೊತ್ತು. ಆದರೂ ಹೇಳಬೇಕಲ್ಲ.)

ನಿಶ್ಮಿತಾಳ ತಾಯಿ ಗುಲಾಬಿ ನನ್ನ ಶಾಲೆಯ ಗೆಳತಿ. ಹಾಗಾಗಿ ಅವಳ ಮಕ್ಕಳಿಬ್ಬರಿಗೂ ನಾನು ಚಿಕ್ಕಿ. ಗುಲಾಬಿಯ ಗಂಡ ತೀರಿಕೊಂಡಾಗ ಹರೀಶನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ತನ್ನ ಓದು ಬಿಟ್ಟು ಮುಂಬೈ ಬಸ್ ಹತ್ತಿದ. ಯಾರದೋ ಹೋಟೆಲಿನಲ್ಲಿ ಲೋಟ ತೊಳೆದ, ಆಮೇಲೆ ತನ್ನದೇ ಹೋಟೆಲ್ ಮಾಡಿದ, ತಂಗಿಯನ್ನು ಓದಿಸಿದ. ಒಳ್ಳೆಯ ಹುಡುಗ. ಈ ಕಥೆಯಲ್ಲಿ ಖಳನಾಯಕನನ್ನು ಹುಡುಕುವವರಿಗೆ ನಿರಾಶೆಯಾಗುತ್ತದೆ, ಈಗಲೇ ಹೇಳಿದ್ದೇನೆ.

ತಂಗಿ ಈಗ ದೂರದ ಒಂದು ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಕೊನೆಯ ಸೆಮಿಸ್ಟರ್. ಒಂದು ಪ್ರಾಜೆಕ್ಟ್ ಬರೆದು ಕೊಟ್ಟರೆ ಡಿಗ್ರಿ ಕೈಗೆ ಬಂದಂತೆ. ಕೊಡದಿದ್ದರೆ ಇಲ್ಲಿಯವರೆಗೆ ಓದಿದ್ದೆಲ್ಲ ಅರ್ಧಕ್ಕೇ ನಿಂತಂತೆ. ರಜೆಗೆ ಊರಿಗೆ ಬಂದವಳು, ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ದಿನಾ ಬೆಳಿಗ್ಗೆ ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದಳು.

"ಟಾಪಿಕ್ ಎಂತ ಮಗಾ?" ಎಂದೆ ಮೊದಲ ದಿನ.

"ಜೆಂಡರ್ ಸ್ಟಡೀಸ್, ಚಿಕ್ಕಿ."

"ಅಂದ್ರೆ?"

ಅವಳು ಅಡುಗೆಮನೆಯ ಕಡೆ ನೋಡಿದಳು. (ನನ್ನ ಯಜಮಾನರು ಅಲ್ಲಿ ಚಹಾ ಸೋಸುತ್ತಿದ್ದರು.) ದನಿ ತಗ್ಗಿಸಿದಳು.

"ಎಲ್‌ಜಿಬಿಟಿಕ್ಯೂ. ನಮ್ ಬದಿ ಹಳ್ಳಿಯಂಗೆ ಅಂಥವ್ರ್ ಹ್ಯಾಂಗ್ ಬದ್ಕ್ತ್ರ್, ಮನಿಯರ್ ಎಂತ ಹೇಳ್ತ್ರ್ ಅಂದೇಳಿ. ಮನಿಯಂಗೆ ಮಹಿಳಾ ಸಮಸ್ಯೆ ಅಂತ ಹೇಳಿದ್ದೆ."

ನಾನು ಹೌದಾ ಎಂದೆ. ಚಹಾ ಬಂತು, ಕುಡಿದೆ. ಮತ್ತೊಮ್ಮೆ ಹೌದಾ ಎಂದೆ. ಅಂಕಣ ಬರೆಯುವವಳು ನಾನು, ಎಲ್ಲದರ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡವಳು. ಆ ಕ್ಷಣಕ್ಕೆ ಬೇರೇನೂ ಹೊಳೆಯಲಿಲ್ಲ.

ಆದರೆ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಇದೆಯಲ್ಲ? ಸಹಾಯಕ್ಕೆ ನಿಂತೆ. ಕನ್ನಡದಲ್ಲೇ ಹುಡುಕೋಣ ಎಂದು ನನ್ನ ಫೋನಿನಲ್ಲಿ ಒಂದು ಪದ ಹಾಕಿದೆ. ಬಂದದ್ದನ್ನು ಇಲ್ಲಿ ಬರೆಯಲಾರೆ, ಪತ್ರಿಕೆಯನ್ನು ಮನೆಮಂದಿಯೆಲ್ಲ ಓದುತ್ತಾರೆ. ಫೋನನ್ನು ಮಗುಚಿ ಹಾಕಿದೆ. ಅಲ್ಲಿಗೆ ಮುಗಿಯಿತೇ? ಮರುದಿನದಿಂದ ಉಪ್ಪಿನಕಾಯಿಯ ವಿಡಿಯೋ ನೋಡಿದರೂ ನಡುವೆ ಎಂಥೆಂಥದೋ ಜಾಹೀರಾತು. ಯಜಮಾನರು ಒಮ್ಮೆ ಇಣುಕಿ ನೋಡಿ, ಕನ್ನಡಕ ಒರೆಸಿಕೊಂಡು ಹೋದರು.

ಇಂಗ್ಲಿಷಿನಲ್ಲಿ ಹಾಕಿದರೆ ಲೇಖನಗಳ ರಾಶಿ. ಶೀರ್ಷಿಕೆ ಇದೆ, ಸಾರಾಂಶ ಇದೆ, ಅದರ ಕೆಳಗೆ ಬೀಗ. ನಿಮ್ಮ ಸಂಸ್ಥೆಯ ಮೂಲಕ ಒಳಗೆ ಬನ್ನಿ. ನನಗೆಲ್ಲಿಯ ಸಂಸ್ಥೆ? ನಿಶ್ಮಿತಾ ನಕ್ಕು ನನ್ನ ಕೈಯಿಂದ ಮೌಸ್ ತೆಗೆದುಕೊಂಡಳು.

"ಹೀಂಗ್ ಅಲ್ಲ ಚಿಕ್ಕಿ. ಓಪನ್ ಆಕ್ಸೆಸ್ ಅಂತಿತ್ತಲೆ, ದುಡ್ಡಿಲ್ದೆ ಓದುಕ್ ಸಿಕ್ಕುದ್, ಅದನ್ ಟಿಕ್ ಮಾಡ್ಕ್. ಒಂದ್ ಒಳ್ಳೆ ಲೇಖನ ಸಿಕ್ರೆ, ಅದ್ರ್ ಕೊನಿಗ್ ಇಪ್ಪು ಪುಸ್ತಕದ ಹೆಸ್ರೆಲ್ಲ ಕಾಣ್ಕ್. ಅಲ್ಲಿಂದ ಮುಂದಿನದ್ ಸಿಕ್ಕತ್ತ್. ಎಲ್ಲೂ ಸಿಕ್ಕದಿರೆ ಬರ್ದವ್ರಿಗೇ ಒಂದ್ ಮೇಲ್ ಹಾಕುದ್. ಸುಮಾರ್ ಜನ ಖುಷಿಯಂಗೇ ಕಳ್ಸ್ತ್ರ್."

ಕಳಿಸಿದರು ಕೂಡ. ಯಾವುದೋ ದೇಶದ ಪ್ರೊಫೆಸರ್ ಒಬ್ಬರು ತಮ್ಮ ಲೇಖನದ ಜೊತೆ ಒಳ್ಳೆಯದಾಗಲಿ ಎಂದೂ ಬರೆದಿದ್ದರು. ಅದನ್ನು ಓದುವಾಗ ಈ ಹುಡುಗಿಯ ಮುಖ ನೋಡಬೇಕಿತ್ತು. ತನ್ನ ವಿಷಯ ಕೇಳಿ ಒಬ್ಬರು ಮುಖ ಸಿಂಡರಿಸದೆ ಮಾತಾಡಿದ್ದು ಅದೇ ಮೊದಲೇನೋ. (ನನ್ನ ಎರಡು "ಹೌದಾ" ಲೆಕ್ಕಕ್ಕಿಲ್ಲ.)

ಆದರೆ ಸಿಕ್ಕಿದ್ದೆಲ್ಲ ದೊಡ್ಡ ಊರಿನ ಮಾತು. ಮೆರವಣಿಗೆ, ಕೋರ್ಟು, ಕೆಫೆ, ಬಾಡಿಗೆ ಫ್ಲಾಟು. ನಮ್ಮ ಕಡೆಯ ಮನೆ ಎಲ್ಲಿದೆ? ಬಂದ ಸಂಬಂಧವನ್ನೆಲ್ಲ ತಿರುಗಿಸಿ ಕಳಿಸಿ, ತಮ್ಮಂದಿರ ಮಕ್ಕಳನ್ನು ಎತ್ತಿ ಆಡಿಸುತ್ತ ಮುದುಕಿಯಾದ ಅಕ್ಕ? ಮುಂಬೈಗೆ ಹೋದವನು ಅಮ್ಮ ತೀರಿಕೊಂಡಾಗ ಬೊಜ್ಜದ ಊಟಕ್ಕೂ ಬಾರದೆ ಉಳಿದದ್ದು? ಬಸ್ ಸ್ಟ್ಯಾಂಡಿನಲ್ಲಿ ಕೈ ತಟ್ಟಿ ನಿಲ್ಲುವ ಮಂಗಳಮುಖಿಯ ತವರು ಯಾವುದು, ಅಲ್ಲಿ ಅವಳಿಗೆ ಒಂದು ಮಣೆ ಹಾಕುವವರಿದ್ದಾರೆಯೇ? ಇವರೆಲ್ಲ ಯಾವ ಡೇಟಾಬೇಸಿನಲ್ಲಿದ್ದಾರೆ?

ಒಂದು ದಿನ ಬ್ರಹ್ಮಾವರದ ಕಡೆಗೂ ಹೋದೆವು. ಅಲ್ಲಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಪರಿಚಯದವರಿದ್ದಾರೆ. ಒಳ್ಳೆಯ ಮನುಷ್ಯ. ಕಂಪ್ಯೂಟರಿನಲ್ಲಿ ಹುಡುಕಲು ಕೂರಿಸಿ, ಫ್ಯಾನ್ ಹಾಕಿ ಹೋದರು. ಬಂದ ಉತ್ತರ ಹಿಡಿದು ಶೆಲ್ಫಿಗೆ ಹೋದರೆ, ಒಂದು ಪುಸ್ತಕ ಅಸಹಜ ಮನಶ್ಶಾಸ್ತ್ರದ ಸಾಲಿನಲ್ಲಿತ್ತು. ಇನ್ನೊಂದು ಅಪರಾಧ ಶಾಸ್ತ್ರದ ಸಾಲಿನಲ್ಲಿ. ಅಷ್ಟೇ. ಎರಡನ್ನೂ ಯಾರೋ ಬಹಳ ಹಿಂದೆ ಜೋಡಿಸಿಟ್ಟಿದ್ದರು, ಮತ್ತೆ ಯಾರೂ ಮುಟ್ಟಿದಂತಿರಲಿಲ್ಲ.

ನಿಶ್ಮಿತಾ ಎರಡು ಶೆಲ್ಫುಗಳ ನಡುವೆ ನಿಂತುಬಿಟ್ಟಳು.

"ಕಾಯ್ಲೆ, ಇಲ್ದಿರೆ ಕಳ್ತನ. ಮಧ್ಯ ಮತ್ತೊಂದ್ ಜಾಗ ಇಲ್ಲೆ ಕಾಣಿ, ಚಿಕ್ಕಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ನಾನು ಕೆದಕಲಿಲ್ಲ.

ಮರುದಿನ ಸಿಕ್ಕಿತು! ಬೇರೊಂದು ಯೂನಿವರ್ಸಿಟಿಗೆ ಯಾರೋ ಬರೆದು ಕೊಟ್ಟ ಥೀಸಿಸ್. ಕರಾವಳಿಯ ಹಳ್ಳಿಗಳ ಹೆಂಗಸರ ನಡುವಿನ ಪ್ರೀತಿಯ ಬಗ್ಗೆ. ಶೀರ್ಷಿಕೆ ಓದುತ್ತಲೇ ನಿಶ್ಮಿತಾ ಕುರ್ಚಿಯಿಂದ ಎದ್ದು ನಿಂತಳು. ಪೂರ್ತಿ ಓದಬೇಕಾದರೆ ತನ್ನ ಲೈಬ್ರರಿಯ ಮೂಲಕ ಕೋರಿಕೆ ಕಳಿಸಬೇಕು. ಅವರು ತರಿಸಿ ಕೊಡುತ್ತಾರೆ, ಲಾಗಿನ್ ಆಗಿ ಸ್ಕ್ರೀನಿನ ಮೇಲೆ ಓದಬಹುದು. ಮತ್ತೆ ಥಾಣೆಗೆ ಫೋನ್ ಹೋಯಿತು, ಓಟಿಪಿ ಬಂತು, ಕೋರಿಕೆ ಹೋಯಿತು. ಯಜಮಾನರು ಗೋಳಿಬಜೆ ತಂದರು. ಮೂವರೂ ತಿಂದೆವು. ಆ ವಾರದಲ್ಲಿ ನಾವು ಖುಷಿಯಾಗಿದ್ದ ಸಂಜೆ ಅದೊಂದೇ.

ಈಗ ಆ ಓಟಿಪಿಯ ಕಥೆ ಹೇಳಬೇಕು. ಎಂ.ಎ. ಓದುವ ಹುಡುಗಿಯ ಓಟಿಪಿ ಅಣ್ಣನ ಫೋನಿಗೆ ಯಾಕೆ ಹೋಗುತ್ತದೆ?

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಮನೆಗೊಂದು ನಂಬರ್. ಅದು ದುಡಿಯುವ ಗಂಡಸಿನದು, ಅವನು ಎಲ್ಲೇ ಇರಲಿ. ನಾವುಂದದಲ್ಲಿ ಗ್ಯಾಸ್ ಸಿಲಿಂಡರ್ ಇಳಿದರೆ ಥಾಣೆಯಲ್ಲಿ ಟಿಣ್ ಎನ್ನುತ್ತದೆ. ಗುಲಾಬಿ ಕುಂದಾಪುರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರೆ ಅವಳ ಶುಗರ್ ಎಷ್ಟೆಂದು ಮೊದಲು ಗೊತ್ತಾಗುವುದು ಹೋಟೆಲ್ ಕೌಂಟರಿನಲ್ಲಿ. ಯೂನಿವರ್ಸಿಟಿಗೆ ಸೇರಿಸುವ ದಿನವೂ ಹರೀಶನೇ ಬಂದಿದ್ದ. "ಹೆಣ್ಮಕ್ಕಳ ನಂಬರ್ ಕಂಡಕಂಡಲ್ಲಿ ಕೊಡುಕಾಗ" ಎಂದು ಎಲ್ಲ ಕಡೆ ತನ್ನದೇ ನಂಬರ್ ಬರೆದಿದ್ದ. ತಂಗಿಗೆ ಯಾರೂ ತೊಂದರೆ ಕೊಡಬಾರದು ಎಂಬ ಕಾಳಜಿ. ನಾವೆಲ್ಲ ಭೇಷ್ ಅಂದಿದ್ದೆವು.

ಲೈಬ್ರರಿಯವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಥೀಸಿಸ್ ತರಿಸಿದರು. ತರಿಸಿದ ಕೂಡಲೇ, ನೀವು ಕೇಳಿದ ಇಂಥ ಶೀರ್ಷಿಕೆಯ ಥೀಸಿಸ್ ಸಿದ್ಧವಿದೆ ಎಂದು ಮೆಸೇಜ್ ಕಳಿಸಿದರು. ಯಾವ ನಂಬರಿಗೆ ಎಂದು ಕೇಳುತ್ತೀರಾ?

ಹೋಟೆಲ್ ಕೌಂಟರಿನ ಫೋನ್ ಒಬ್ಬರದಲ್ಲ. ಆರ್ಡರ್ ಬರುತ್ತದೆ, ಎಲ್ಲರೂ ಎತ್ತುತ್ತಾರೆ. ಗಲ್ಲಾದಲ್ಲಿ ಕೂತಿದ್ದ ನೆಂಟರೊಬ್ಬರು ಆ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಿದರಂತೆ. ಅದರಲ್ಲಿ ಲೆಸ್ಬಿಯನ್ ಎಂಬ ಪದ ಇತ್ತು. ಹರೀಶನಿಗೆ ಅದರ ಅರ್ಥ ಸರಿಯಾಗಿ ಗೊತ್ತಿರಲಿಲ್ಲ. ನೆಂಟರಿಗೆ ಗೊತ್ತಿತ್ತು, ಅವರು ನಕ್ಕರು. ಸಂಜೆಯೊಳಗೆ ಆ ಮೆಸೇಜಿನ ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿತ್ತು. ಗುಲಾಬಿ ಆ ಗ್ರೂಪಿನಲ್ಲಿಲ್ಲ. ಅವಳಿಗೆ ಫೋನ್ ಮಾಡಿ ಹೇಳಲು ಜನ ಇದ್ದರು.

ಮರುವಾರ ಹರೀಶ ರೈಲು ಹತ್ತಿ ಬಂದೇಬಿಟ್ಟ. ತಾಯಿಯನ್ನು ಕರೆದುಕೊಂಡು ನೇರ ನಮ್ಮ ಮನೆಗೆ. ನಿಶ್ಮಿತಾಳನ್ನು ಕರೆತಂದಿರಲಿಲ್ಲ. ಕೈಯಲ್ಲಿ ಹಣ್ಣಿನ ಚೀಲ ಇತ್ತು. ಜಗಳಕ್ಕೆ ಬರುವಾಗಲೂ ಬರಿಗೈಯಲ್ಲಿ ಬರುವವನಲ್ಲ ಅವನು.

"ಚಿಕ್ಕಿ, ನಿಮ್ ಮೇಲ್ ಬೇಜಾರಿಲ್ಲೆ" ಎಂದ. "ನೀವ್ ಇದ್ದೂ ಹೀಂಗ್ ಆಯ್ತಲೆ ಅಂದೇಳಿ ಅಷ್ಟೆ."

"ಎಂತ ಆಯ್ತ್ ಹರೀಶ? ಓದು ಹೆಣ್ಣ್ ಲೈಬ್ರರಿಯಂಗೆ ಒಂದ್ ಪುಸ್ತಕ ಕೇಂಡಿತ್."

"ಎಂಥಾ ಪುಸ್ತಕ? ಆ ಶಬ್ದ ನಾನ್ ಗೂಗಲ್ ಮಾಡಿ ಕಂಡೆ. ನಿಮ್ ಎದ್ರ್ ಹೇಳುಕ್ ನಾಚ್ಕಿ ಆತ್ತ್."

ಕಂಡಿದ್ದಾನೆ. ನನ್ನ ಫೋನಿನಲ್ಲಿ ನಾನು ಕಂಡದ್ದನ್ನೇ ಅವನೂ ಕಂಡಿದ್ದಾನೆ. ಅಂಥದ್ದನ್ನೇ ತಂಗಿ ಲೈಬ್ರರಿಯಲ್ಲಿ ಕೇಳಿ ತರಿಸಿಕೊಂಡಳು ಎಂದುಕೊಂಡಿದ್ದಾನೆ. ಅವನನ್ನು ಬೈಯುವುದು ಹೇಗೆ? ಒಂದು ಪದ ಹಾಕಿದರೆ ಕೊಳಕಿನ ಬಾಗಿಲು ಓಟಿಪಿ ಇಲ್ಲದೆ ತೆರೆಯುತ್ತದೆ. ತಿಳಿವಳಿಕೆಯ ಬಾಗಿಲಿಗೆ ಮಾತ್ರ ಯೂಸರ್ ನೇಮ್, ಪಾಸ್‌ವರ್ಡ್, ಸಂಸ್ಥೆ, ಅಣ್ಣ.

ವಿವರಿಸಿದೆ. ಅದು ಬೇರೆ, ಇದು ಬೇರೆ ಎಂದೆ. ಜನರ ಬದುಕಿನ ಬಗ್ಗೆ ಬರೆದದ್ದು, ಕಾನೂನೂ ಇದನ್ನು ಅಪರಾಧ ಅನ್ನುವುದಿಲ್ಲ ಎಂದೆ. ನನ್ನ ಅಂಕಣಗಳಲ್ಲಿ ಎಷ್ಟು ಚೆನ್ನಾಗಿ ವಾದಿಸುತ್ತೇನೆ! ಅವತ್ತು ನನ್ನ ಮಾತು ನನಗೇ ಭಾಷಣದ ಹಾಗೆ ಕೇಳಿಸಿತು.

"ಓದುಕ್ ಬೇರೆ ಎಂತದೂ ಇಲ್ಯಾ?" ಎಂದ ಹರೀಶ. "ಮೀನುಗಾರಿಕೆ ಬಗ್ಗೆ ಬರೀಲಿ. ಗೇರುಬೀಜದ ಫ್ಯಾಕ್ಟ್ರಿ ಹೆಂಗಸ್ರ್ ಬಗ್ಗೆ ಬರೀಲಿ. ಯಾರಾರೂ ಎಂತಾರೂ ಕೇಂತ್ರಾ?"

"ಅದೇ ಮತ್ತೆ. ಮೀನಿನ್ ಬಗ್ಗೆ ಬರ್ದ್ರೆ ನೀನ್ ಮೀನಾ ಅಂತ ಯಾರೂ ಕೇಂತಿಲ್ಲೆ ಅಲ್ದಾ?" ಎಂದೆ.

ಯಾರೂ ನಗಲಿಲ್ಲ.

ಅಷ್ಟು ಹೊತ್ತು ಚಹಾದ ಲೋಟ ಹಿಡಿದು, ಕುಡಿಯದೆ ಕೂತಿದ್ದ ಗುಲಾಬಿ ಆಗ ಬಾಯಿಬಿಟ್ಟಳು.

"ನಮ್ ಹೆಣ್ಣ್ ಹಾಂಗಾ?"

ಇಲ್ಲಿ ನೀವೂ ಸ್ವಲ್ಪ ಮುಂದಕ್ಕೆ ಬಾಗಿದ್ದೀರಿ, ಅಲ್ಲವೇ? ಮೊದಲಿನಿಂದಲೂ ನಿಮಗೆ ಬೇಕಿದ್ದದ್ದು ಇದೇ ಒಂದು ಉತ್ತರ. ಬಸ್ಸಿನಲ್ಲಿ ಅವಳು ಏನಾದರೂ ಹೇಳಿದಳೇ, ಆಮೇಲಾದರೂ ಹೇಳಿದಳೇ? ಹೇಳಿದ್ದರೂ ಬರೆಯುವುದಿಲ್ಲ. ಅದು ನಿಮ್ಮದಲ್ಲ. ನನ್ನದೂ ಅಲ್ಲ. ಅವಳು ಏನು ಓದಿದಳು, ಏನು ಬರೆಯಲು ಹೊರಟಿದ್ದಳು ಎಂದು ಆ ಮನೆಯಲ್ಲಿ, ಆ ಗ್ರೂಪಿನಲ್ಲಿ, ಆ ಹೋಟೆಲಿನಲ್ಲಿ ಒಬ್ಬರೂ ಕೇಳಿಲ್ಲ.

"ಅದನ್ನ್ ನನ್ ಹತ್ರ ಕೇಂಬುದಲ್ಲ ಗುಲಾಬಿ" ಎಂದೆ. "ಹೆಣ್ಣಿನ್ ಹತ್ರ ಕೇಣ್. ಉತ್ರ ಎಂತದ್ ಬಂದ್ರೂ ನೀನ್ ನನ್ ಮಗ್ಳೇ ಅಂದೇಳಿ ಮೊದ್ಲ್ ಹೇಳ್, ಮತ್ತೆ ಕೇಣ್."

"ನಾನ್ ಹೆತ್ತ್ ಅಬ್ಬಿ ಅಲ್ದಾ ಮಾರಾಯ್ತಿ?" ಗುಲಾಬಿ ಲೋಟ ಕೆಳಗಿಟ್ಟಳು. "ನನ್ ಹತ್ರ ಹೇಳುಕಾಗದ್ದ್ ಎಂತದನ್ನ್ ಅದ್ ಲೈಬ್ರರಿ ಹತ್ರ ಕೇಂಡಿತ್?"

ಕೋಪ ಬಂದಿದ್ದರೆ ಜಗಳವಾಡಬಹುದಿತ್ತು. ಅವಳಿಗೆ ಕೋಪ ಬಂದಿರಲಿಲ್ಲ, ನೋವಾಗಿತ್ತು.

ಹರೀಶ ಏಳುವಾಗ ತೀರ್ಮಾನ ಹೇಳಿದ. "ಟಾಪಿಕ್ ಬದ್ಲ್ ಮಾಡ್ಲಿ. ಇಲ್ದಿರೆ ಪ್ರಾಜೆಕ್ಟೂ ಬ್ಯಾಡ, ಡಿಗ್ರಿಯೂ ಬ್ಯಾಡ. ಮನಿಯಂಗೆ ಇರ್ಲಿ. ಬೈಂದೂರಿಂದ ಒಂದ್ ಒಳ್ಳೆ ಸಂಬಂಧವೂ ಬಂದಿತ್ತ್." ಅಷ್ಟು ಹೇಳಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದ. ಯಾವಾಗಲೂ ಮಾಡುತ್ತಾನೆ.

ಟಾಪಿಕ್ ಬದಲಿಸುವುದೆಂದರೆ ಸೀರೆ ಬದಲಿಸಿದ ಹಾಗೆಯೇ? ಗೈಡ್ ಒಪ್ಪಿದ್ದಾರೆ, ಅರ್ಧ ಬರೆದಾಗಿದೆ, ದಿನ ಹತ್ತಿರ ಬಂದಿದೆ. ಬದಲಿಸುವುದಿಲ್ಲ ಎಂದಳು ನಿಶ್ಮಿತಾ. ಮನೆಯಿಂದ ಹೊರಗೆ ಬಿಡುವುದಿಲ್ಲ ಎಂದರು ಅವರು. ಯಾರೂ ಕೈ ಮಾಡಲಿಲ್ಲ, ಊಟ ನಿಲ್ಲಿಸಲಿಲ್ಲ. ಅವಳಿಗಿಷ್ಟ ಎಂದು ಗುಲಾಬಿ ದಿನಾ ಕೋರಿ ರೊಟ್ಟಿ ಮಾಡಿದಳು. ಲ್ಯಾಪ್‌ಟಾಪ್ ಮಾತ್ರ ಕಪಾಟಿನೊಳಗೆ ಹೋಯಿತು.

ನಾನು ಸುಮ್ಮನಿರಲಿಲ್ಲ. ಆ ಥೀಸಿಸನ್ನು ನನ್ನ ಹೆಸರಿನಲ್ಲಿ ತರಿಸಲು ನೋಡಿದೆ. ನಿಮ್ಮ ಸಂಸ್ಥೆ ಯಾವುದು? ಬರೆದವರಿಗೆ ಮೇಲ್ ಹಾಕಿದೆ, ಆ ವಿಳಾಸ ಈಗ ಇಲ್ಲ ಎಂದು ತಿರುಗಿ ಬಂತು. ಲೈಬ್ರರಿಗೆ ಬರೆದೆ. ವಿದ್ಯಾರ್ಥಿನಿಯ ಲಾಗಿನ್‌ನಲ್ಲೇ ಓದಬೇಕು ಎಂದು ಬಹಳ ವಿನಯದಿಂದ ಉತ್ತರಿಸಿದರು. ನಂಬರ್ ಬದಲಿಸಬಹುದಲ್ಲ ಎಂದು ನಿಮಗೆ ಹೊಳೆದಿರುತ್ತದೆ. ನನಗೂ ಹೊಳೆಯಿತು. ಖುದ್ದಾಗಿ ಯೂನಿವರ್ಸಿಟಿಯ ಆಫೀಸಿಗೆ ಹೋದರೆ ಬದಲಿಸಿ ಕೊಡುತ್ತಾರೆ. ಹೋಗಲು ಬಿಡಬೇಕಲ್ಲ? ಇನ್ನೊಂದು ದಾರಿ ಆನ್‌ಲೈನ್.

ಮೊನ್ನೆ ಗುಲಾಬಿ ರಕ್ತ ಪರೀಕ್ಷೆಗೆ ಕುಂದಾಪುರಕ್ಕೆ ಬಂದಳು. ಜೊತೆಗೆ ಮಗಳು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದ ಮೇಲೆ ಒಮ್ಮೆ ರಕ್ತ ತೆಗೆಯುತ್ತಾರಲ್ಲ? ಎರಡೂ ಮುಗಿಸಿ ಊಟಕ್ಕೆ ನಮ್ಮಲ್ಲಿಗೆ ಬಂದರು. ಉಂಡ ಮೇಲೆ ಗುಲಾಬಿ ಒಳಗೆ ಮಲಗಿದಳು. ನಾನು ನನ್ನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟೆ.

ನಿಶ್ಮಿತಾ ಸೊರಗಿದ್ದಳು. ಆದರೂ ಬೆರಳುಗಳು ಚುರುಕಾಗಿದ್ದವು. ಯೂನಿವರ್ಸಿಟಿಯ ಸೈಟಿನಲ್ಲಿ ಅವಳ ಪ್ರೊಫೈಲ್, ಅದಕ್ಕೆ ಪಾಸ್‌ವರ್ಡ್ ಒಂದೇ ಸಾಕು. ಮೊಬೈಲ್ ನಂಬರ್ ಬದಲಾಯಿಸಿ. ತನ್ನ ನಂಬರ್ ಹಾಕಿದಳು. ಒತ್ತಿದಳು.

ಖಚಿತಪಡಿಸಲು ನಿಮ್ಮ ಹಳೆಯ ನಂಬರಿಗೆ ಓಟಿಪಿ ಕಳಿಸಲಾಗಿದೆ.

ಅವಳು ನನ್ನ ಮುಖ ನೋಡಿದಳು. ನಾನು ಮೇಜಿನ ಕಡೆ ನೋಡಿದೆ. ಸ್ಕ್ರೀನಿನಲ್ಲಿ ಸಮಯ ಓಡತೊಡಗಿತ್ತು. ಅವಳು ಫೋನ್ ಎತ್ತಿದಳು. ಅದೇ ಪ್ಲೇಟುಗಳ ಸದ್ದು, ಅದೇ ಕೂಗಾಟ.

"ಅಣ್ಣಾ, ಓಟಿಪಿ ಬಂತಾ?"

"ಬಂತ್."

ಕಾದಳು. ಆ ಕಡೆ ಯಾರೋ ಚಿಲ್ಲರೆ ಕೇಳುತ್ತಿದ್ದರು.

"ಉಂಡ್ಯಾ?" ಎಂದ ಹರೀಶ.

"ಹ್ಞೂಂ. ಅಣ್ಣಾ, ಅದ್..."

"ಅಮ್ಮನ್ ರಿಪೋರ್ಟೂ ಬಂತ್ ಕಾಣ್. ಶುಗರ್ ಮತ್ತೂ ಏರಿತ್ತ್. ಯೋಚ್ನಿ ಮಾಡುಕ್ ಬಿಡ್ಬೇಡ. ಬಿಸಿಲಂಗೆ ನಡ್ಸ್ಬೇಡ, ರಿಕ್ಷಾ ಮಾಡ್ಕಂಡ್ ಹೋಯ್ನಿ."

ಇಷ್ಟು ಹೇಳಿ ಮೆಲ್ಲಗೆ ಫೋನ್ ಇಟ್ಟ. ಸಿಟ್ಟಿನಿಂದಲ್ಲ. ಅವನ ದನಿಯಲ್ಲಿ ಇದ್ದದ್ದೆಲ್ಲ ಪ್ರೀತಿಯೇ, ನಾನು ಆಣೆ ಮಾಡಿ ಹೇಳಬಲ್ಲೆ.

ಸ್ಕ್ರೀನಿನಲ್ಲಿ ಸಮಯ ಮುಗಿಯಿತು. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ನಿಶ್ಮಿತಾ ಲ್ಯಾಪ್‌ಟಾಪ್ ಮುಚ್ಚಿ, ತಾಯಿಯನ್ನು ಎಬ್ಬಿಸಲು ಒಳಗೆ ಹೋದಳು. ಹೋಗುವಾಗ ಹೇಳಿದ್ದು ಒಂದೇ ಮಾತು. "ಬರೀನಿ ಚಿಕ್ಕಿ. ನಂಗಂತೂ ಬರ್ಯುಕ್ ಆಯ್ಲಿಲ್ಲೆ."

ಬರೆದಿದ್ದೇನೆ. ಇನ್ನು ನೀವು ಹೇಳಿ: ನಿಮ್ಮ ಮನೆಯ ಮಗಳ ಓಟಿಪಿ ಯಾರ ಫೋನಿಗೆ ಬರುತ್ತಿದೆ?